ಬೆಟ್ಟ ಕಾಯ್ದವರಿಗೂ ಗದ್ದೆ ಉಳಿಸಿದವರಿಗೂ ಸರ್ಕಾರ ಹಣ ಕೊಡುವ ಪದ್ಧತಿ ನಮ್ಮಲ್ಲಿ ಸಾಧ್ಯವೇ?

ಪ್ರಶ್ನೆ: ಸೊಪ್ಪಿನಬೆಟ್ಟ, ಶಿರಸಿ

ಅಮೆರಿಕದ ಅಯೋವಾ ರಾಜ್ಯದಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಈಚೆಗೆ ಒಂದು ಪಟ್ಟಿಯನ್ನು ಕಳುಹಿಸಿಕೊಟ್ಟ. ಅವನಿರುವ ಕೌಂಟಿಯಲ್ಲಿ, ಅಂದರೆ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ನಮ್ಮ ಶಿರಸಿ ತಾಲೂಕಿನಷ್ಟಿರುವ ಒಂದು ಆಡಳಿತ ವಿಭಾಗದಲ್ಲಿ, ಮಣ್ಣು ಮತ್ತು ನೀರಿನ ಸಂರಕ್ಷಣೆಯ ಬಾಬ್ತು ಯಾವ ಜಮೀನುದಾರರಿಗೆ ಯಾವ ವರ್ಷ ಎಷ್ಟು ಹಣ ಪಾವತಿಯಾಗಿದೆ ಎಂಬ ವಿವರ ಹೆಸರು ಸಮೇತ ಅದರಲ್ಲಿತ್ತು. ಉಳುಮೆ ನಿಲ್ಲಿಸಿ ಹುಲ್ಲು ಬೆಳೆಸಿದ ಜಮೀನಿಗೆ ಅಲ್ಲಿನ ಸರ್ಕಾರ ಹತ್ತು ವರ್ಷಗಳ ಕಾಲ ಬಾಡಿಗೆ ಕೊಡುತ್ತದೆ ಎಂಬುದನ್ನು ಓದಿದ ಮೇಲೆ, ಬಹಳ ಕಾಲದಿಂದ ತಲೆಯಲ್ಲಿದ್ದ ಒಂದು ಪ್ರಶ್ನೆಯನ್ನು ಇಲ್ಲಿ ತಿಳಿದವರ ಮುಂದಿಡಬೇಕೆನಿಸಿತು.

ನನಗೆ ಒಂದೂವರೆ ಎಕರೆ ಅಡಿಕೆ ತೋಟವಿದೆ, ಅದಕ್ಕೆ ಸೇರಿದ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟವಿದೆ, ಕಣಿವೆಯ ತಳದಲ್ಲಿ ಮೂವತ್ತು ಗುಂಟೆ ಗದ್ದೆಯಿದೆ. ಬೆಟ್ಟದ ಸುತ್ತ ನನ್ನ ತಂದೆಯವರು ತೋಡಿಸಿದ ಅಗಳವನ್ನು ನಾನು ಪ್ರತಿ ಬೇಸಿಗೆಯಲ್ಲಿ ಹೂಳೆತ್ತಿಸುತ್ತೇನೆ; ಒಂದೇ ಮರವನ್ನು ವರ್ಷ ವರ್ಷವೂ ಸವರುವುದಿಲ್ಲ; ಮಾರ್ಚ್ ಬಂತೆಂದರೆ ದರಕಿಗೆ, ಅಂದರೆ ಉದುರಿದ ಒಣ ಎಲೆಗೆ, ಬೆಂಕಿ ಬೀಳದಂತೆ ಅಂಚಿನಲ್ಲಿ ಗುಡಿಸಿ ದಾರಿ ಬಿಡಿಸುತ್ತೇನೆ. ಪಕ್ಕದ ಬೆಟ್ಟದಲ್ಲಿ ಈಗ ಯುಪಟೋರಿಯಂ ಪೊದೆ ಬಿಟ್ಟರೆ ಹೇಳಿಕೊಳ್ಳುವಂಥ ಮರವಿಲ್ಲ. ಆಷಾಢದ ಒಂದು ಜೋರು ಮಳೆಗೆ ಎರಡೂ ಬೆಟ್ಟಗಳಿಂದ ನೀರು ಇಳಿಯುವಾಗ ಹಳ್ಳದ ಸೇರುವೆಯಲ್ಲಿ ನಿಂತು ನೋಡಿದರೆ, ಒಂದು ಕಡೆಯಿಂದ ಕೆಂಪು ರಾಡಿಯೂ ಇನ್ನೊಂದು ಕಡೆಯಿಂದ ಚಹಾದ ಬಣ್ಣದ ತಿಳಿನೀರೂ ಬರುವುದು ಕಣ್ಣಿಗೇ ಕಾಣುತ್ತದೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ನಾವಿಬ್ಬರೂ ಒಂದೇ.

ಗದ್ದೆಯದು ಇನ್ನೊಂದು ಕಥೆ. ನಮ್ಮ ಕಣಿವೆಯಲ್ಲಿ ಉಳಿದವರೆಲ್ಲ ಮಣ್ಣು ತುಂಬಿಸಿ ಅಡಿಕೆ ಹಾಕಿದ್ದಾರೆ. ಹಂದಿ, ಮಂಗ, ಕೂಲಿ ಇವು ಮೂರನ್ನೂ ಎಣಿಸಿದರೆ ಭತ್ತದಲ್ಲಿ ನಷ್ಟವೇ ಹೊರತು ಲಾಭವಿಲ್ಲ. ಆದರೆ ಆ ಗದ್ದೆಯಲ್ಲಿ ನಾಲ್ಕು ತಿಂಗಳು ನೀರು ನಿಲ್ಲುವುದರಿಂದಲೇ ಕೆಳಗಿನ ಮನೆಗಳ ಬಾವಿಗಳು ಏಪ್ರಿಲ್ ದಾಟುತ್ತವೆ ಎಂಬುದು ನನ್ನ ನಂಬಿಕೆ.

ನನ್ನ ಪ್ರಶ್ನೆ ಇಷ್ಟೇ. ಆ ಕೌಂಟಿಯಲ್ಲಿ ಹಣ ಯಾರಿಗೆ ಸಲ್ಲಬೇಕೆಂದು ತೀರ್ಮಾನಿಸುವುದು ಹೇಗೆ? ಅಂಥದೊಂದು ಪದ್ಧತಿಗೆ ಹತ್ತಿರವಾದದ್ದು ನಮ್ಮ ಜಿಲ್ಲೆಯ ಬೆಟ್ಟಕ್ಕೋ ಗದ್ದೆಗೋ ಈಗಾಗಲೇ ಇದೆಯೇ? ಇಲ್ಲದಿದ್ದರೆ ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಏನನ್ನು ಕೇಳುವುದು ಸರಿ?

ಉತ್ತರ: ಅಳಿಯ, ಅಯೋವಾ

ಮಾವ, ಪಟ್ಟಿ ಕಳುಹಿಸಿದವನು ನಾನೇ ಆದ್ದರಿಂದ ಅದರ ಹಿಂದಿನ ವ್ಯವಸ್ಥೆಯನ್ನು ವಿವರಿಸುವ ಹೊಣೆಯೂ ನನ್ನದೇ. ಇಲ್ಲಿಗೆ ಬಂದ ಮೇಲೆ ಅಕ್ಕಪಕ್ಕದ ರೈತರಿಂದಲೂ ಓದಿನಿಂದಲೂ ತಿಳಿದದ್ದನ್ನು ಬರೆಯುತ್ತಿದ್ದೇನೆ.

ನೀವು ನೋಡಿದ್ದು ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಮ್ ಎಂಬ ಯೋಜನೆಯ ಪಾವತಿಗಳನ್ನು. ಇಲ್ಲಿ ಎಲ್ಲರೂ ಸಿಆರ್‌ಪಿ ಎನ್ನುತ್ತಾರೆ. 1930ರ ದಶಕದ ಧೂಳಿನ ಬಿರುಗಾಳಿಗಳಲ್ಲಿ ಬಯಲುಸೀಮೆಯ ಮೇಲ್ಮಣ್ಣು ಹಾರಿಹೋದಾಗ, ಮಣ್ಣಿನ ರಕ್ಷಣೆಗೆಂದೇ ಕೇಂದ್ರ ಸರ್ಕಾರ 1935ರಲ್ಲಿ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿತು. 1956ರಲ್ಲಿ ಸಾಯಿಲ್ ಬ್ಯಾಂಕ್ ಎಂಬ ಹೆಸರಿನಲ್ಲಿ ಜಮೀನನ್ನು ಬೀಳು ಬಿಡಿಸಿ ಹಣ ಕೊಡುವ ಪ್ರಯೋಗ ನಡೆಯಿತು. ಈಗಿನ ಯೋಜನೆ 1985ರ ಆಹಾರ ಭದ್ರತಾ ಕಾಯ್ದೆಯಿಂದ ಹುಟ್ಟಿದ್ದು. ಆ ಕಾಲದಲ್ಲಿ ಬೆಳೆ ಅತಿಯಾಗಿ ಧಾನ್ಯದ ಬೆಲೆ ನೆಲಕಚ್ಚಿತ್ತು, ಸಾಲದಲ್ಲಿ ಮುಳುಗಿದ ರೈತರು ಜಮೀನು ಕಳೆದುಕೊಳ್ಳುತ್ತಿದ್ದರು. ಆದ್ದರಿಂದ ಮಣ್ಣನ್ನು ಉಳಿಸುವುದರ ಜೊತೆಗೆ ಬಿತ್ತನೆಯನ್ನು ತಗ್ಗಿಸುವುದೂ ಅದರ ಉದ್ದೇಶವಾಗಿತ್ತು. ಇದನ್ನು ಮರೆತು ಅದನ್ನು ಬರೀ ಪರಿಸರ ಪ್ರೇಮವೆಂದು ನಾವು ತಿಳಿಯಬಾರದು.

ಕೆಲಸ ನಡೆಯುವ ಬಗೆ ಹೀಗೆ. ಕೌಂಟಿಯ ಫಾರ್ಮ್ ಸರ್ವಿಸ್ ಏಜೆನ್ಸಿ ಕಚೇರಿಯಲ್ಲಿ ಜಮೀನುದಾರ ತನ್ನ ಯಾವ ತುಂಡನ್ನು ಎಷ್ಟು ದರಕ್ಕೆ ಬಿಡಲು ಸಿದ್ಧನೆಂದು ಅರ್ಜಿ ಹಾಕುತ್ತಾನೆ. ಸವಕಳಿ, ನೀರಿನ ಗುಣಮಟ್ಟ, ವನ್ಯಜೀವಿಗಳಿಗೆ ಆಗುವ ಅನುಕೂಲ, ಸರ್ಕಾರಕ್ಕೆ ತಗಲುವ ವೆಚ್ಚ ಇವಕ್ಕೆಲ್ಲ ಅಂಕ ಹಾಕಿ, ಹೆಚ್ಚು ಅಂಕ ಬಂದ ಅರ್ಜಿಗಳನ್ನು ದೇಶಮಟ್ಟದಲ್ಲಿ ಆರಿಸುತ್ತಾರೆ. ಹೊಳೆಯಂಚಿನ ಹುಲ್ಲುಪಟ್ಟಿಯಂಥ ಚಿಕ್ಕ, ಮಹತ್ವದ ತುಂಡುಗಳಿಗೆ ಮಾತ್ರ ಈ ಸ್ಪರ್ಧೆಯಿಲ್ಲ. ಕರಾರು 10ರಿಂದ 15 ವರ್ಷಗಳದ್ದು. ಬಾಡಿಗೆಯನ್ನು ಆ ಕೌಂಟಿಯ ಗೇಣಿ ದರ ಮತ್ತು ಮಣ್ಣಿನ ಫಲವತ್ತತೆಯ ಆಧಾರದಲ್ಲಿ ನಿಗದಿಪಡಿಸುವುದರಿಂದ, ಅಯೋವಾದಲ್ಲಿ ಎಕರೆಗೆ ವರ್ಷಕ್ಕೆ 200 ಡಾಲರ್ ದಾಟುವಾಗ ಪಶ್ಚಿಮದ ಒಣ ಕೌಂಟಿಗಳಲ್ಲಿ ಅದರ ಕಾಲುಭಾಗವೂ ಸಿಗದಿರಬಹುದು. ಹುಲ್ಲೋ ಮರವೋ ನೆಡುವ ಖರ್ಚಿನಲ್ಲಿ ಅರ್ಧದವರೆಗೆ ಸರ್ಕಾರ ಭರಿಸುತ್ತದೆ. ಒಬ್ಬ ವ್ಯಕ್ತಿಗೆ ವರ್ಷಕ್ಕೆ 50,000 ಡಾಲರ್ ಬಾಡಿಗೆಯ ಮಿತಿಯಿದೆ. ನಡುವೆ ಕರಾರು ಮುರಿದು ಉತ್ತರೆ ಅಲ್ಲಿಯವರೆಗೆ ಪಡೆದದ್ದೆಲ್ಲವನ್ನೂ ಬಡ್ಡಿ ಸಮೇತ ಹಿಂದಿರುಗಿಸಬೇಕು, ಮೇಲೆ ದಂಡವೂ ಉಂಟು.

ಈಗ ನಿಮ್ಮ ಬೆಟ್ಟದ ವಿಷಯಕ್ಕೆ ಬರುತ್ತೇನೆ. ಸಾಮಾನ್ಯ ಸಿಆರ್‌ಪಿಗೆ ಸೇರಬೇಕಾದರೆ ಆ ಜಮೀನಿನಲ್ಲಿ ಹಿಂದಿನ ನಿಗದಿತ ವರ್ಷಗಳಲ್ಲಿ ಬೆಳೆ ತೆಗೆದಿರಲೇಬೇಕು. 2018ರ ಕಾಯ್ದೆಯ ಪ್ರಕಾರ 2012ರಿಂದ 2017ರ ಆರು ವರ್ಷಗಳಲ್ಲಿ ನಾಲ್ಕು ವರ್ಷ. ಅಂದರೆ ಸವೆಯುವ ಜಮೀನನ್ನು ಉಳುತ್ತಿದ್ದವನು ಉಳುಮೆ ಬಿಟ್ಟರೆ ಹಣ. ಅಜ್ಜನ ಕಾಲದಿಂದಲೂ ಉಳದೆ ಹುಲ್ಲು ಕಾಯ್ದವನಿಗೆ ಆ ಬಾಬ್ತಿನಲ್ಲಿ ಏನೂ ಇಲ್ಲ. ಈ ಲೆಕ್ಕದಲ್ಲಿ ನಿಮಗಿಂತ ಮೊದಲು ಹಣ ಸಿಗುವುದು ಬೆಟ್ಟ ಬೋಳಿಸಿದವರಿಗೆ. ಈ ಆಕ್ಷೇಪ ಇಲ್ಲಿಯೂ ಹಳೆಯದು. ಅದಕ್ಕೆ ಉತ್ತರವೆಂಬಂತೆ 2002ರ ಕೃಷಿ ಕಾಯ್ದೆಯಲ್ಲಿ ಇನ್ನೊಂದು ಯೋಜನೆ ಬಂತು, 2008ರಲ್ಲಿ ಅದು ಕನ್ಸರ್ವೇಶನ್ ಸ್ಟೀವರ್ಡ್‌ಶಿಪ್ ಪ್ರೋಗ್ರಾಮ್ ಎಂದಾಯಿತು. ಅದರಲ್ಲಿ ಈಗಾಗಲೇ ಚೆನ್ನಾಗಿ ನಡೆಸಿಕೊಂಡು ಬರುತ್ತಿರುವ ಕೆಲಸವನ್ನು ಮುಂದುವರಿಸಿ ಜೊತೆಗೆ ಹೊಸದೇನಾದರೂ ಕೈಗೊಳ್ಳುವವರಿಗೆ ಐದು ವರ್ಷಗಳ ಕರಾರಿನ ಮೇಲೆ ಹಣ ಸಲ್ಲುತ್ತದೆ. ನೀವು ಅಮೆರಿಕದ ಮಾದರಿಯನ್ನು ಸಭೆಯಲ್ಲಿ ಉದಾಹರಿಸುವುದಾದರೆ ಇದನ್ನೇ ಉದಾಹರಿಸಬೇಕು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಜಮೀನುಗಳು ಸಾಲುಸಾಲಾಗಿ ಯೋಜನೆಗೆ ಸೇರಿದರೆ ಬೀಜ, ಗೊಬ್ಬರ ಮಾರುವ ಅಂಗಡಿಗೂ ಧಾನ್ಯ ಕೊಳ್ಳುವವರಿಗೂ ವ್ಯಾಪಾರ ಹೋಗಿ ಊರೇ ಸೊರಗುತ್ತದೆ; ಆ ಕಾರಣಕ್ಕೆ ಒಂದು ಕೌಂಟಿಯ ಸಾಗುವಳಿ ಭೂಮಿಯಲ್ಲಿ ಸಾಮಾನ್ಯವಾಗಿ ಶೇ. 25ಕ್ಕಿಂತ ಹೆಚ್ಚನ್ನು ಸೇರಿಸಿಕೊಳ್ಳುವಂತಿಲ್ಲ. ಬೆಲೆ ಏರಿದಾಗ ಏನಾಗುತ್ತದೆ ಎಂಬುದೂ ಗಮನಾರ್ಹ. 2007ರಲ್ಲಿ ದೇಶಾದ್ಯಂತ ಸುಮಾರು 3.68 ಕೋಟಿ ಎಕರೆ ಈ ಯೋಜನೆಯಲ್ಲಿತ್ತು. ಮೆಕ್ಕೆಜೋಳ ಮತ್ತು ಸೋಯಾದ ಬೆಲೆ ಏರಿ, ಮರುವರ್ಷ ಬಂದ ಕೃಷಿ ಕಾಯ್ದೆ ಮಿತಿಯನ್ನೂ ತಗ್ಗಿಸಿದ ಮೇಲೆ ಕರಾರು ಮುಗಿದವರು ನವೀಕರಿಸದೆ ಮತ್ತೆ ಉತ್ತರು, 2015ರ ಹೊತ್ತಿಗೆ ಅದು ಸುಮಾರು 2.4 ಕೋಟಿ ಎಕರೆಗೆ ಇಳಿಯಿತು. ಹತ್ತು ವರ್ಷ ಹಣ ಕೊಟ್ಟು ಬೆಳೆಸಿದ ಹುಲ್ಲು ಒಂದೇ ವಸಂತದಲ್ಲಿ ನೇಗಿಲಿಗೆ ಸಿಕ್ಕಿತು.

ಉತ್ತರ: ಗಜನಿಗದ್ದೆ, ಕುಮಟಾ

ಘಟ್ಟದ ಮೇಲಿನವರು ಬೆಟ್ಟದ ಮಾತನ್ನಾಡುವಾಗ ಘಟ್ಟದ ಕೆಳಗಿನ ಗಜನಿಯನ್ನೂ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯನ್ನೂ, ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಏಕೆಂದರೆ ಅಳಿಯಂದಿರು ವಿವರಿಸಿದ ಕರಾರಿನ ಪದ್ಧತಿ ನಮ್ಮಲ್ಲಿ ಎಲ್ಲಿ ಮುಗ್ಗರಿಸುತ್ತದೆ ಎಂಬುದು ಗಜನಿಯಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಅಘನಾಶಿನಿಯ ಅಳಿವೆಯ ಗಜನಿಗಳಲ್ಲಿ ಮಳೆಗಾಲಕ್ಕೆ ಉಪ್ಪುನೀರು ತಡೆಯುವ ಕಗ್ಗ ಭತ್ತವನ್ನು ಬೆಳೆಯುತ್ತೇವೆ. ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ಬಾಗಿಲನ್ನು ತೆರೆದು ಭರತದ, ಅಂದರೆ ಸಮುದ್ರದ ಉಬ್ಬರದ, ನೀರನ್ನು ಒಳಗೆ ಬಿಟ್ಟುಕೊಂಡರೆ ಸಿಗಡಿ, ಮೀನು ಬರುತ್ತವೆ. ಭತ್ತದ ಕೂಳೆ ಅವಕ್ಕೆ ಮೇವು, ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಗೊಬ್ಬರ, ಔಷಧ ಯಾವುದನ್ನೂ ಹಾಕದೆ ನಡೆಯುವ ಸಾಗುವಳಿಯಿದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ಮನ್ನಣೆ ಪಡೆಯಿತು. ಮನ್ನಣೆ ಬಂದದ್ದಕ್ಕೆ ಸಂತೋಷವೇ. ಆದರೆ ಆ ಮನ್ನಣೆಗೆ ಕಾರಣವಾದ ಸಾಗುವಳಿಯನ್ನು ಉಳಿಸಿಕೊಂಡವನ ಖಾತೆಗೆ ಅದರಿಂದ ಏನೂ ಬಂದಿಲ್ಲ.

ಕಟ್ಟೆಯನ್ನು ಕಾಯುವುದೆಂದರೇನು ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಶ್ರಾವಣದ ಹುಣ್ಣಿಮೆಯ ಭರತಕ್ಕೆ ನೀರು ಕಟ್ಟೆಯ ನೆತ್ತಿಗೆ ಒಂದು ಗೇಣು ಕೆಳಗೆ ನಿಂತಿರುತ್ತದೆ. ಏಡಿ ಕೊರೆದ ಹೆಬ್ಬೆರಳು ಗಾತ್ರದ ಬಿಲದಿಂದ ಒಳಮೈಯಲ್ಲಿ ನೀರು ಜಿನುಗತೊಡಗಿದರೆ, ಟಾರ್ಚು ಹಿಡಿದು ಅದನ್ನು ಹುಡುಕಿ ಹುಲ್ಲಿನ ಸಿಂಬಿ ತುರುಕಿ, ಜೇಡಿಯನ್ನು ಮೆಟ್ಟಿ ಮುಚ್ಚಲು ಇರುವ ಸಮಯ ಆ ಒಂದು ಭರತ ಇಳಿಯುವವರೆಗೆ ಮಾತ್ರ. ಅದು ತಪ್ಪಿದರೆ ಬೆಳಗಾಗುವುದರೊಳಗೆ ಆ ಬಿಲ ಆಳು ಇಳಿಯುವಷ್ಟು ಕಂಡಿಯಾಗಿರುತ್ತದೆ, ಆಗ ಒಬ್ಬನ ಗದ್ದೆಗಲ್ಲ, ಇಡೀ ಗಜನಿಗೆ ಉಪ್ಪು ಏರುತ್ತದೆ. ಕಟ್ಟೆ ಯಾರ ಸರ್ವೆ ನಂಬರಿನಲ್ಲಿದೆಯೋ ಅವನೇ ಕಾಯಲಿ ಎಂದು ಕೂರುವಂತಿಲ್ಲ. ಆದ್ದರಿಂದ ಇಲ್ಲಿ ಒಬ್ಬೊಬ್ಬ ಮಾಲೀಕನ ಜೊತೆ ಬೇರೆ ಬೇರೆ ಕರಾರು ಮಾಡಿದರೆ ಉಪಯೋಗವಿಲ್ಲ. ಹತ್ತು ಜನ ಸಹಿ ಹಾಕಿ ಹನ್ನೊಂದನೆಯವನು ವರ್ಷಪೂರ್ತಿ ಬಾಗಿಲು ತೆರೆದಿಟ್ಟು ಸಿಗಡಿಯನ್ನೇ ಸಾಕುತ್ತೇನೆಂದರೆ ಹತ್ತೂ ಜನರ ಭತ್ತ ಹೋಯಿತು. ಹಣ ಕೊಡುವುದಾದರೆ ಗಜನಿಯ ರೈತ ಸಂಘಕ್ಕೆ ಕೊಡಬೇಕು, ಕರಾರೂ ಸಂಘದ ಜೊತೆಗೇ ಆಗಬೇಕು. ಮೀನಿನ ಹರಾಜಿನ ಹಣವನ್ನು ಹಿಡುವಳಿಯ ಪ್ರಮಾಣದಲ್ಲಿ ಹಂಚಿಕೊಳ್ಳುವ ರೂಢಿ ನಮ್ಮಲ್ಲಿ ಇರುವುದರಿಂದ ಲೆಕ್ಕಾಚಾರ ಹೊಸದೇನಲ್ಲ.

ಉತ್ತರ: ನಿವೃತ್ತ ಕೃಷಿ ಇಲಾಖೆ, ಕಾರವಾರ

ಪ್ರಶ್ನೆ ಕೇಳಿದವರ ಎರಡನೆಯ ಭಾಗಕ್ಕೆ, ಅಂದರೆ ನಮ್ಮಲ್ಲಿ ಈಗ ಏನಿದೆ ಎಂಬುದಕ್ಕೆ, ನನ್ನ ಸೇವಾವಧಿಯ ಅನುಭವದಿಂದ ಉತ್ತರಿಸುತ್ತೇನೆ.

ನಮ್ಮ ಸಹಾಯಧನಗಳ ಪೈಕಿ ಬಹುಪಾಲು, ಏನನ್ನಾದರೂ ಮಾಡಿಸಿದ್ದಕ್ಕೆ ಕೊಡುವಂಥವು: ಕೃಷಿ ಹೊಂಡ, ಹನಿ ನೀರಾವರಿ, ಬದು, ಉದ್ಯೋಗ ಖಾತರಿಯಲ್ಲಿ ತೋಡಿಸಿದ ಇಂಗುಗುಂಡಿ. ಕೆಲಸವಾಯಿತು, ಫೋಟೋ ತೆಗೆದಾಯಿತು, ಬಿಲ್ಲಾಯಿತು. ಮೂರನೆಯ ವರ್ಷ ಆ ಗುಂಡಿ ಹೂಳು ತುಂಬಿ ನೆಲಮಟ್ಟಕ್ಕೆ ಬಂದಿದ್ದರೂ ಕೇಳುವವರಿಲ್ಲ. ಇನ್ನೊಂದು ಬಗೆ, ಜಮೀನಿದ್ದ ಮಾತ್ರಕ್ಕೆ ಕೊಡುವಂಥದ್ದು. ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ. ಅದಕ್ಕೂ ಬೆಟ್ಟ ಕಾಯುವುದಕ್ಕೂ ಸಂಬಂಧವಿಲ್ಲ. ಏನನ್ನೋ ಉಳಿಸಿಕೊಂಡದ್ದಕ್ಕೆ, ವರ್ಷ ವರ್ಷ ನೋಡಿ ಕೊಡುವಂಥದ್ದು ಎಂದರೆ ನನಗೆ ಥಟ್ಟನೆ ನೆನಪಾಗುವುದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. 2011-12ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ಪಡೆದು ಸ್ವಂತ ಹಿಡುವಳಿಯಲ್ಲಿ ನೆಟ್ಟರೆ, ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷಕ್ಕೆ 40, ಮೂರನೆಯ ವರ್ಷಕ್ಕೆ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ ನಿಗದಿಯಾಗಿದೆ. ಹೆಕ್ಟೇರಿಗೆ 400 ಸಸಿಗಳ ಮಿತಿ. ಆರಂಭದಲ್ಲಿ ಈ ಮೊತ್ತ ಬಹಳ ಕಡಿಮೆಯಿತ್ತು, ನಂತರ ಹೆಚ್ಚಿಸುತ್ತ ಬಂದರು. ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ ಹಣ ಎಂಬ ತತ್ತ್ವ ನನ್ನ ದೃಷ್ಟಿಯಲ್ಲಿ ಇದರ ಅತ್ಯಂತ ಒಳ್ಳೆಯ ಅಂಶ. ಮೂರು ವರ್ಷಕ್ಕೇ ಮುಗಿಯುವುದು ಇದರ ದೌರ್ಬಲ್ಯ. ಮತ್ತಿ ಅಥವಾ ಹಲಸಿನ ಸಸಿಗೆ ಮೂರು ವರ್ಷವೆಂದರೆ ಇನ್ನೂ ದನದ ಬಾಯಿಗೆ ಎಟಕುವ ಎತ್ತರ.

ಗದ್ದೆಯ ಬಗ್ಗೆ ಹೇಳುವುದಾದರೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ, ಮಂಗಳೂರು ದಾಟಿದರೆ ಸಾಕು. ಕೇರಳದಲ್ಲಿ ಭತ್ತದ ಗದ್ದೆಯನ್ನು ಮಣ್ಣು ತುಂಬಿ ಪರಿವರ್ತಿಸುವುದನ್ನು ನಿಯಂತ್ರಿಸುವ ಕಾಯ್ದೆ 2008ರಲ್ಲಿ ಬಂತು. 2020ರಲ್ಲಿ ಅಲ್ಲಿನ ಸರ್ಕಾರ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಮಾಲೀಕರಿಗೆ ರಾಯಲ್ಟಿ ಎಂಬ ಹೆಸರಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲಾರಂಭಿಸಿತು. ಭೂಮಿಯ ಸ್ವರೂಪ ಬದಲಾಗದಂತೆ ನಡುವೆ ತರಕಾರಿಯನ್ನೋ ಬೇಳೆಕಾಳನ್ನೋ ಬೆಳೆದರೂ ಅಡ್ಡಿಯಿಲ್ಲ. ಆರಂಭದ ಆ ದರದಲ್ಲಿ ಮೂವತ್ತು ಗುಂಟೆಗೆ ಸುಮಾರು 600 ರೂಪಾಯಿ ಬರುತ್ತಿತ್ತು. ನಮ್ಮ ಕಡೆಯ ಒಂದು ದಿನದ ಗಂಡಾಳಿನ ಸಂಬಳದ ಆಸುಪಾಸಿನ ಹಣ ಅದು, ಅಡಿಕೆಯ ಆಸೆಯನ್ನು ತಡೆಯುವಂಥದ್ದಲ್ಲ. ಆದರೂ ಕೆಳಗಿನ ಬಾವಿಗೆ ಗದ್ದೆಯವನು ನೀರು ಕೊಡುತ್ತಿದ್ದಾನೆ ಎಂಬುದನ್ನು ಒಂದು ಸರ್ಕಾರ ಲಿಖಿತವಾಗಿ ಒಪ್ಪಿಕೊಂಡಿತಲ್ಲ, ಆ ಆದೇಶವನ್ನು ಸಭೆಯಲ್ಲಿ ಮೇಜಿನ ಮೇಲಿಡುವುದಕ್ಕೆ ಬೆಲೆಯಿದೆ.

ಉತ್ತರ: ಯಲ್ಲಾಪುರದ ವಕೀಲೆ

ಮೇಲಿನ ಉತ್ತರಗಳಲ್ಲಿ ಬಿಟ್ಟುಹೋಗಿರುವ ಎರಡು ಕಾನೂನಿನ ತೊಡಕುಗಳನ್ನು ಸೇರಿಸಬಯಸುತ್ತೇನೆ.

ಮೊದಲನೆಯದು, ಬೆಟ್ಟ ಯಾರದ್ದು ಎಂಬುದು. ತೋಟದ ಎಕರೆಯೊಂದಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದ್ದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಮು ಕುಮ್ಕಿ, ಬಾಣೆ, ಸೊಪ್ಪಿನ ಬೆಟ್ಟ ಮೊದಲಾದವುಗಳ ಮೇಲಿನ ಸವಲತ್ತುಗಳನ್ನು ಮುಂದುವರಿಸಿದೆ. ಆದರೆ ಅದು ಸವಲತ್ತು, ಮಾಲೀಕತ್ವವಲ್ಲ. ಸೊಪ್ಪು, ದರಕು, ಹುಲ್ಲು ತರಬಹುದು, ನೆಲ ಸರ್ಕಾರದ್ದು. ಹಾಗಿರುವಾಗ ಜಮೀನುದಾರನಿಗೆ ಬಾಡಿಗೆ ಎಂಬ ಭಾಷೆಯಲ್ಲಿ ಬೇಡಿಕೆಯಿಟ್ಟರೆ, ನಮ್ಮದೇ ನೆಲಕ್ಕೆ ನಾವೇಕೆ ಬಾಡಿಗೆ ಕೊಡಬೇಕೆಂದು ಯಾವ ಅಧಿಕಾರಿಯೂ ಮೊದಲ ವಾಕ್ಯದಲ್ಲೇ ಕಡತವನ್ನು ಮುಚ್ಚಬಹುದು. ಅಳಿಯಂದಿರು ಹೇಳಿದ ಎರಡನೆಯ ಯೋಜನೆಯಂತೆ, ಪಾಲನೆಯ ಕೆಲಸಕ್ಕೆ ಪ್ರತಿಫಲ ಎಂದು ಕೇಳುವುದೇ ಕ್ಷೇಮ. ಅಗಳದ ಹೂಳೆತ್ತುವುದು, ಬೆಂಕಿ ತಡೆಯುವುದು, ಸರದಿಯ ಪ್ರಕಾರ ಸವರುವುದು ಇವೆಲ್ಲ ಅಳೆಯಬಹುದಾದ ಕೆಲಸಗಳು, ಅವುಗಳಿಗೆ ಮಾಲೀಕತ್ವದ ಹಂಗು ಬೇಕಿಲ್ಲ. ಬೆಟ್ಟದ ಮೇಲಿನ ಹಕ್ಕನ್ನು ಗಟ್ಟಿಮಾಡಿಕೊಳ್ಳುವ ಹೋರಾಟವನ್ನು ಇದರೊಳಗೆ ಬೆರೆಸಿದರೆ ಎರಡೂ ಕೆಡುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು, ಹಣ ಯಾರ ಖಾತೆಗೆ ಎಂಬುದು. ನಮ್ಮ ಬಹುಪಾಲು ಪಹಣಿಗಳು ಜಂಟಿ ಖಾತೆಯವು. ಪಹಣಿಯ ಮೊದಲ ಹೆಸರಿನವರು ತೀರಿಕೊಂಡು ಪೌತಿ ಖಾತೆ ಬದಲಾಗದೆ ಉಳಿದಿರುತ್ತದೆ, ಎರಡನೆಯವರು ಬೆಂಗಳೂರಿನಲ್ಲಿರುತ್ತಾರೆ, ಬೆಟ್ಟ ಕಾಯುವವರು ಮೂರನೆಯವರು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇದ್ದರೂ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾದಾಗ ಮಾತ್ರ ಅವರ ನೆನಪಾಗುವುದನ್ನು ನಾನು ನನ್ನ ಕಚೇರಿಯಲ್ಲಿ ದಿನವೂ ನೋಡುತ್ತೇನೆ. ರೈತರನ್ನು ನೋಂದಾಯಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಸರ್ವೆ ನಂಬರು ಯಾರ ಗುರುತಿನ ಸಂಖ್ಯೆಗೆ ಜೋಡಣೆಯಾಗಿದೆಯೋ ಅವರ ಆಧಾರ್ ಜೋಡಿತ ಖಾತೆಗೆ ಹಣ ಹೋಗುತ್ತದೆ, ಹಾರೆ ಹಿಡಿದವರಿಗಲ್ಲ.

ಗೇಣಿಯ ಪ್ರಶ್ನೆಯಂತೂ ಇನ್ನೂ ಸೂಕ್ಷ್ಮ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು, ಜೊತೆಗೆ ಹೊಸ ಗೇಣಿಗೆ ನಿಷೇಧವೂ ಬಂತು. ಕಾಗದದ ಮೇಲೆ ಗೇಣಿಯಿಲ್ಲ. ವಾಸ್ತವದಲ್ಲಿ ಬಾಯಿಮಾತಿನ ಪಾಲಿಗೆ ಗದ್ದೆ ಮಾಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಗದ್ದೆ ಉಳಿಸಿದ್ದಕ್ಕೆ ಹಣ ಎಂದಾದ ದಿನ, ಪಾಲಿಗೆ ಮಾಡುವವನನ್ನು ಬಿಡಿಸಿ ಹಣವನ್ನು ತಾನೇ ಇಟ್ಟುಕೊಳ್ಳುವ ಮಾಲೀಕರು ಹುಟ್ಟುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಏನು ಮಾಡಿದ್ದಾರೆಂದು ತಿಳಿಯುವ ಕುತೂಹಲ ನನಗಿದೆ.

ಮರುಪ್ರಶ್ನೆ: ಸೊಪ್ಪಿನಬೆಟ್ಟ, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ವಕೀಲರು ಹೇಳಿದಂತೆ ಬಾಡಿಗೆಯ ಮಾತನ್ನು ಬಿಟ್ಟು ಪಾಲನೆಯ ಕೆಲಸದ ಲೆಕ್ಕದಲ್ಲಿ ಬೇಡಿಕೆಯನ್ನು ಬರೆಯುತ್ತೇನೆ. ಹಣವು ಬೆಟ್ಟವಿರುವ ಎಲ್ಲರಿಗೂ ಸಮನಾಗಿ ಬರಬಾರದು, ಮರ ಉಳಿದದ್ದನ್ನೂ ಅಗಳ ಸುಸ್ಥಿತಿಯಲ್ಲಿರುವುದನ್ನೂ ನೋಡಿ ಬರಬೇಕೆಂದೂ ಬರೆಯುತ್ತೇನೆ. ಈ ಎರಡನೆಯ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಬೀಳದೆಂದು ಬಲ್ಲೆ. ಕೊಡುವುದಿದ್ದರೆ ಎಲ್ಲರಿಗೂ ಕೊಡಲಿ ಎಂಬ ಮಾತು ಏಳುತ್ತದೆ, ಬೆಟ್ಟ ಬೋಳಾದವರ ಸಂಖ್ಯೆಯೇ ಹೆಚ್ಚಿರುವ ಊರುಗಳಲ್ಲಂತೂ ಖಂಡಿತ ಏಳುತ್ತದೆ. ಅವರಿಗೆ ಮೊದಲ ಕೆಲವು ವರ್ಷ ನೆಡುವ ವೆಚ್ಚ, ಆಮೇಲೆ ಉಳಿಸಿದ್ದಕ್ಕೆ ಪ್ರತಿಫಲ ಎಂದು ಎರಡು ಹಂತ ಮಾಡಬಹುದೇ ಎಂದು ಯೋಚಿಸುತ್ತಿದ್ದೇನೆ.

ಅಳಿಯನಿಗೆ ಎರಡು ಪ್ರಶ್ನೆ: ವಕೀಲರು ಕೇಳಿದ ಗೇಣಿದಾರನ ವಿಷಯ ಒಂದು. ಕರಾರಿನ ನಡುವೆ ಜಮೀನು ಮಾರಾಟವಾದರೆ ಏನು ಎಂಬುದು ಇನ್ನೊಂದು. ನಮ್ಮಲ್ಲಿ ತೋಟ ಕೈಬದಲಾದರೆ ಬೆಟ್ಟವೂ ಅದರ ಹಿಂದೆಯೇ ಹೋಗುತ್ತದೆ.

ಉತ್ತರ: ಅಳಿಯ, ಅಯೋವಾ

ಮಾವ, ವಕೀಲರಿಗೂ ಸೇರಿಸಿ ಉತ್ತರಿಸುತ್ತೇನೆ. ಸಿಆರ್‌ಪಿಯ ಪಾವತಿಯನ್ನು ಮಾಲೀಕನೂ ಸಾಗುವಳಿದಾರನೂ ಹಂಚಿಕೊಳ್ಳಬಹುದು, ಮತ್ತು ಯೋಜನೆಗೆ ಸೇರಿಸುವ ಸಲುವಾಗಿ ಗೇಣಿದಾರನನ್ನು ಒಕ್ಕಲೆಬ್ಬಿಸುವಂತಿಲ್ಲ ಎಂಬ ನಿಯಮವಿದೆ. ನಿಯಮವಿದ್ದರೂ ಊರು ಬಿಟ್ಟು ದೂರದ ನಗರಗಳಲ್ಲಿರುವ ಮಾಲೀಕರಿಗೆ ಈ ಹಣ ಹೋಗುತ್ತಿದೆ ಎಂಬ ಗೊಣಗಾಟವನ್ನು ಇಲ್ಲಿನ ಹೋಟೆಲುಗಳಲ್ಲಿ ಬೆಳಗಿನ ಹೊತ್ತು ಕಾಫಿಗೆ ಸೇರುವ ರೈತರ ಬಾಯಲ್ಲಿ ಕೇಳಿದ್ದೇನೆ. ವಿಳಾಸ ಮಾತ್ರ ಬೇರೆ, ದೂರು ನಮ್ಮ ಕಡೆಯದೇ. ಸುಮ್ಮನೆ ಹಣಕ್ಕಾಗಿ ಜಮೀನು ಕೊಂಡು ಸೇರಿಸುವವರನ್ನು ತಡೆಯಲು, ಅರ್ಜಿಗೆ ಮೊದಲು ಕನಿಷ್ಠ 12 ತಿಂಗಳು ಒಡೆತನವಿರಬೇಕೆಂಬ ಷರತ್ತನ್ನೂ ಸಾಮಾನ್ಯವಾಗಿ ಹಾಕುತ್ತಾರೆ. ಮಾರಾಟವಾದರೆ ಕೊಂಡವನು ಉಳಿದ ಅವಧಿಗೆ ಕರಾರನ್ನು ವಹಿಸಿಕೊಳ್ಳಬಹುದು. ಅವನು ಒಪ್ಪದಿದ್ದರೆ ಕರಾರು ರದ್ದಾಗಿ, ಅಲ್ಲಿಯವರೆಗೆ ಪಡೆದ ಹಣವನ್ನು ಮರಳಿಸುವ ಹೊಣೆ ಪಡೆದವರ ಮೇಲೆ ಬೀಳುತ್ತದೆ. ಹಾಗಾಗಿ ಕ್ರಯಪತ್ರ ಬರೆಯುವ ಮೊದಲೇ ಇದು ಮಾತಿಗೆ ಬರುತ್ತದೆ.

ಉತ್ತರ: ಗಜನಿಗದ್ದೆ, ಕುಮಟಾ

ಸೊಪ್ಪಿನಬೆಟ್ಟದವರು ಬರೆಯುವ ಕರಡಿನಲ್ಲಿ ಗಜನಿಗೂ ಒಂದು ಪರಿಚ್ಛೇದ ಸೇರುವುದಾದರೆ ಅದನ್ನು ನಾನು ಬರೆದುಕೊಡುತ್ತೇನೆ. ಪರಿಶೀಲನೆಯ ದಿನವನ್ನು ಮಾತ್ರ ನಮ್ಮ ಭಾಗಕ್ಕೆ ಬೇರೆಯಾಗಿ ನಮೂದಿಸಿ. ಮಾರ್ಚ್ ಕೊನೆಗೆ ಲೆಕ್ಕ ಮುಗಿಸುವ ಅವಸರದಲ್ಲಿ ಬಂದು ನೋಡಿದರೆ ಗಜನಿಯಲ್ಲಿ ಉಪ್ಪುನೀರು, ಮೀನು ಹಿಡಿಯುವವರು ಬಿಟ್ಟರೆ ಏನೂ ಕಾಣದು. ಕಗ್ಗ ನಿಂತಿರುವುದನ್ನು ನೋಡಬೇಕಾದರೆ ಸೆಪ್ಟೆಂಬರಿನಲ್ಲಿ ಬರಬೇಕು, ಅದೂ ದೋಣಿಯಲ್ಲಿ ಕಟ್ಟೆಯ ಹೊರಮೈಯನ್ನು ಸುತ್ತಿ ನೋಡಿ ಆಮೇಲೆ ಒಳಗಿಳಿಯಬೇಕು.